ತಲೆ ಚುರುಕು, ಓದು ನಿಧಾನ

“ತಲೆ ಇದೆ, ಆದರೆ ಓದಿನ ಕಡೆ ಗಮನವಿಲ್ಲ.” ಪೋಷಕರ ಸಭೆಯಲ್ಲಿ ಈ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಳ್ಳದ ತಂದೆತಾಯಿಯರು ಕಡಿಮೆ. ಹೇಳುವ ಶಿಕ್ಷಕರಿಗೆ ಅದು ಮೃದುವಾದ ದೂರು. ಕೇಳುವ ಪೋಷಕರಿಗೆ ಅರ್ಧ ಸಮಾಧಾನ, ಅರ್ಧ ಸಿಟ್ಟು. ಮನೆಗೆ ಬಂದ ಮೇಲೆ ಟಿವಿ ಬಂದ್ ಆಗುತ್ತದೆ, ಆಟ ಕಡಿಮೆಯಾಗುತ್ತದೆ, ಮನೆಪಾಠ ಶುರುವಾಗುತ್ತದೆ. ಎಷ್ಟೋ ಮಕ್ಕಳ ವಿಷಯದಲ್ಲಿ ಶಿಕ್ಷಕರ ಮಾತು ನಿಜವೇ ಇರಬಹುದು. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಅದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಂಟಿಕೊಂಡಿರುತ್ತವೆ: ಮಗುವಿನ ತಿಳಿವಳಿಕೆ ವಯಸ್ಸಿಗಿಂತ ಮುಂದಿದೆ ಎಂಬುದು ಒಂದು, ಓದುವ ಬರೆಯುವ ಕೌಶಲ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ ಎಂಬುದು ಇನ್ನೊಂದು. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿರುವ ಮಕ್ಕಳನ್ನು ಶಿಕ್ಷಣ ಸಂಶೋಧನೆಯಲ್ಲಿ ದ್ವಿವಿಶೇಷ ಮಕ್ಕಳು ಎನ್ನಬಹುದಾದ ಒಂದು ಗುಂಪಾಗಿ ಗುರುತಿಸುತ್ತಾರೆ. ವಿಶೇಷ ಅಗತ್ಯದ ಮಕ್ಕಳ ಪಟ್ಟಿಯಲ್ಲಿಯೂ ಪ್ರತಿಭಾವಂತರ ಪಟ್ಟಿಯಲ್ಲಿಯೂ ಇರಬೇಕಾದ ಇವರು ಸಾಮಾನ್ಯವಾಗಿ ಎರಡರಿಂದಲೂ ತಪ್ಪಿಹೋಗುತ್ತಾರೆ. ಹೀಗಾಗುವುದೇಕೆ, ಕನ್ನಡದಲ್ಲಿ ಓದು ಕಲಿಯುವ ಮಗುವಿನ ಮಟ್ಟಿಗೆ ಇದು ಹೇಗೆ ಕಾಣುತ್ತದೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು.

1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಕಡಲ ತಡಿಯ ಊರಿನ ವೈದ್ಯ ಡಬ್ಲ್ಯೂ. ಪ್ರಿಂಗಲ್ ಮಾರ್ಗನ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಚಿಕ್ಕದೊಂದು ವರದಿ ಪ್ರಕಟಿಸಿದರು. ಇಂದು ನಾವು ಡಿಸ್ಲೆಕ್ಸಿಯಾ ಎಂದು ಕರೆಯುವ, ಹುಟ್ಟಿನಿಂದಲೇ ಬರುವ ಓದಿನ ತೊಂದರೆಯನ್ನು ವಿವರವಾಗಿ ದಾಖಲಿಸಿದ ಆರಂಭದ ಬರಹಗಳಲ್ಲಿ ಅದು ಹೆಸರಾದದ್ದು. ಏಳನೆಯ ವಯಸ್ಸಿನಿಂದ ಶಾಲೆ, ಮನೆಪಾಠ ಎಂದು ಕಲಿಯುತ್ತಲೇ ಬಂದಿದ್ದರೂ ಪರ್ಸಿಗೆ ತೀರ ಚಿಕ್ಕ ಪದಗಳನ್ನು ಓದುವುದೂ ಕಷ್ಟವಾಗಿತ್ತು. ತನ್ನ ಹೆಸರನ್ನು ಬರೆಯುವಾಗ ಎರಡನೆಯ ಮತ್ತು ಮೂರನೆಯ ಅಕ್ಷರಗಳನ್ನು ಅದಲುಬದಲು ಮಾಡಿದ. ತೋರಿಸಿ ಹೇಳುವತನಕ ಅದು ತಪ್ಪೆಂದು ಅವನಿಗೆ ಗೊತ್ತಾಗಲೂ ಇಲ್ಲ. ಅದೇ ಹುಡುಗ 749ನ್ನು 867ರಿಂದ ಗುಣಿಸಿ ಬೇಗನೆ, ತಪ್ಪಿಲ್ಲದೆ ಉತ್ತರ ಕೊಟ್ಟ. ಆದರೆ ನಾಲ್ಕನ್ನು ಅರ್ಧದಿಂದ ಗುಣಿಸುವ ಸುಲಭದ ಲೆಕ್ಕ ಅವನಿಗೆ ಬರಲಿಲ್ಲ ಎಂಬುದನ್ನೂ ವೈದ್ಯರು ಮುಚ್ಚಿಡದೆ ಬರೆದಿದ್ದಾರೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನಿಗೆ ಕೆಲವು ವರ್ಷ ಕಲಿಸಿದ್ದ ಮಾಸ್ತರರು ಹೇಳಿದ ಮಾತೂ ಆ ವರದಿಯಲ್ಲಿದೆ. ಓದಿನ ತೊಂದರೆಯ ಸಂಶೋಧನೆ ಶುರುವಾಗುವ ಹೊತ್ತಿಗೇ ದ್ವಿವಿಶೇಷ ಮಗು ಕಣ್ಣೆದುರಿಗೆ ಬಂದು ನಿಂತಿತ್ತು. ಆದರೂ ಮುಂದಿನ ಎಪ್ಪತ್ತೆಂಬತ್ತು ವರ್ಷ ಸಂಶೋಧನೆ ಎರಡು ದಾರಿಯಾಗಿ ಹರಿದು, ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಲಿಲ್ಲ.

ಇದಕ್ಕೆ ಮುಖ್ಯ ಕಾರಣ ಬುದ್ಧಿಯನ್ನು ಅಳೆಯುವುದಕ್ಕೆ ಹುಟ್ಟಿಕೊಂಡ ಅಳತೆಗೋಲು. ಪ್ಯಾರಿಸ್ಸಿನ ಶಾಲೆಗಳಲ್ಲಿ ಸಾಮಾನ್ಯ ಪಾಠದಿಂದ ಪ್ರಯೋಜನ ಪಡೆಯಲಾಗದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವು ಒದಗಿಸುವ ಸಲುವಾಗಿ ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೊನ್ 1905ರಲ್ಲಿ ಒಂದು ಪರೀಕ್ಷೆಯನ್ನು ಸಿದ್ಧಪಡಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು 1916ರಲ್ಲಿ ಪರಿಷ್ಕರಿಸಿದರು. 1921ರಿಂದ ಅದೇ ಅಳತೆಗೋಲಿನ ಮೇಲ್ತುದಿಯಲ್ಲಿದ್ದ ಮಕ್ಕಳನ್ನು ಹುಡುಕಿ ಅವರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು ಕೈಗೊಂಡರು. ಕೆಳತುದಿಯ ಮಕ್ಕಳಿಗೆಂದು ಮಾಡಿದ ಕೋಲಿನಲ್ಲೇ ಮೇಲ್ತುದಿಯ ಮಕ್ಕಳನ್ನೂ ಅಳೆದದ್ದರಿಂದ ವಿಶೇಷ ಅಗತ್ಯ ಮತ್ತು ಪ್ರತಿಭೆ ಒಂದೇ ಗೆರೆಯ ಎರಡು ತುದಿಗಳು ಎಂಬ ಚಿತ್ರ ಶಿಕ್ಷಣ ಇಲಾಖೆಗಳ ಮನಸ್ಸಿನಲ್ಲಿ ಅಚ್ಚಾಯಿತು. ಒಂದೇ ಗೆರೆಯ ಎರಡು ತುದಿಗಳಲ್ಲಿ ಒಬ್ಬನೇ ನಿಲ್ಲುವುದು ಸಾಧ್ಯವಿಲ್ಲವಲ್ಲ!

ಈ ಕೋಲು ನಮ್ಮ ಕಡೆಗೂ ಬೇಗನೆ ಬಂತು. ಧಾರವಾಡದಲ್ಲಿ ಡಾ. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ 1930ರ ದಶಕದಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲಿಯೂ ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿಯೂ ಹಲವು ದಶಕ ಬಳಕೆಯಲ್ಲಿ ಉಳಿಯಿತು. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ ಸರಿ. ಆದರೆ ಒಂದು ಪೀಳಿಗೆಯ ಮಕ್ಕಳ ಮೇಲೆ ನಿಗದಿ ಮಾಡಿದ ಅಂಕಗಳು ಇನ್ನೊಂದು ಪೀಳಿಗೆಗೆ ಸರಿಹೊಂದುವುದಿಲ್ಲ. ಶಾಲಾ ಶಿಕ್ಷಣ ಹರಡಿದಂತೆ ಇಂಥ ಪರೀಕ್ಷೆಗಳಲ್ಲಿ ಮಕ್ಕಳ ಸರಾಸರಿ ಅಂಕ ಪ್ರತಿ ದಶಕಕ್ಕೆ ಸುಮಾರು 3ರಂತೆ ಏರುತ್ತ ಬಂದಿದೆ ಎಂಬುದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದ ಮೇಲೆ, ಹಳೆಯ ಕೋಲಿನಲ್ಲಿ ಹೊಸ ಮಕ್ಕಳನ್ನು ಅಳೆದರೆ ಅಂಕ ಸುಮ್ಮನೆ ಉಬ್ಬಿ ಕಾಣುತ್ತದೆ ಎಂಬುದು ಸ್ಪಷ್ಟವಾಯಿತು.

ಟರ್ಮನ್ ಅವರ ಅಧ್ಯಯನದಲ್ಲಿ 1,528 ಮಕ್ಕಳಿದ್ದರು. ಆ ಪಟ್ಟಿಗೆ ಸೇರಲು ಪರೀಕ್ಷೆ ಬರೆದು, ಅಂಕ ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಹುಡುಗರೂ ಇದ್ದರು. ಮುಂದೆ 1956ರಲ್ಲಿ ಶಾಕ್ಲಿಗೂ 1968ರಲ್ಲಿ ಆಲ್ವರೆಜ್‌ಗೂ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದ 1,528 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಪ್ರತಿಭೆಯ ಸಂಶೋಧನೆಯ ಬಗ್ಗೆ ಮಾತಾಡುವವರೆಲ್ಲ ಈ ಕತೆಯನ್ನು ಹೇಳುತ್ತಾರೆ. ಅದರಿಂದ ಬುದ್ಧಿಪರೀಕ್ಷೆಗಳೇ ನಿಷ್ಪ್ರಯೋಜಕ ಎಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಕೋಲು ಸುಳ್ಳಲ್ಲ, ಆದರೆ ಒಂದೇ ಒಂದು ಅಂಕಿಯಲ್ಲಿ ಉತ್ತರ ಕೊಡು ಎಂದು ಅದನ್ನು ಕೇಳಿದಾಗ ಅದು ಬಹಳಷ್ಟನ್ನು ನುಂಗಿಬಿಡುತ್ತದೆ.

ನುಂಗುವುದು ಹೇಗೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಈಗ ಹೆಚ್ಚು ಬಳಕೆಯಲ್ಲಿರುವ ವೆಕ್ಸ್ಲರ್ ಮಾದರಿಯ ಪರೀಕ್ಷೆಯ ಇತ್ತೀಚಿನ ರೂಪದಲ್ಲಿ ಐದು ವಿಭಾಗಗಳಿವೆ: ಮಾತಿನ ಮೂಲಕ ಗ್ರಹಿಸುವುದು, ಆಕಾರ ಮತ್ತು ಸ್ಥಳಗಳ ಗ್ರಹಿಕೆ, ಹೊಸ ಸಮಸ್ಯೆಯಲ್ಲಿ ತರ್ಕ, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಕಾರ್ಯಸ್ಮೃತಿ, ಮತ್ತು ಸರಳ ಕೆಲಸವನ್ನು ವೇಗವಾಗಿ ಮುಗಿಸುವುದು. ಪ್ರತಿಯೊಂದರಲ್ಲಿಯೂ ಸರಾಸರಿ 100. 130ನ್ನು ದಾಟುವವರು ನೂರಕ್ಕೆ ಸುಮಾರು ಇಬ್ಬರು. ಒಂಬತ್ತು ವರ್ಷದ ಒಬ್ಬ ಹುಡುಗಿಗೆ ಮೊದಲ ಮೂರರಲ್ಲಿ 136, 130, 134 ಬಂದು, ಕಾರ್ಯಸ್ಮೃತಿಯಲ್ಲಿ 92, ವೇಗದಲ್ಲಿ 83 ಬಂದಿವೆ ಎಂದುಕೊಳ್ಳಿ. ಒಟ್ಟು ಬುದ್ಧಿಲಬ್ಧವನ್ನು (ಐಕ್ಯೂ) ಲೆಕ್ಕ ಹಾಕುವ ನಿಜವಾದ ವಿಧಾನ ತುಸು ಬೇರೆ, ಆದರೂ ಐದನ್ನೂ ಕೂಡಿ ಭಾಗಿಸಿದರೆ 115 ಬರುತ್ತದೆ. ಸರಾಸರಿಗಿಂತ ಸ್ವಲ್ಪ ಮೇಲು, ಚಿಂತೆಯಿಲ್ಲ ಎಂದು ವರದಿ ಹೇಳುತ್ತದೆ. ಪ್ರತಿಭಾವಂತರ ಕಾರ್ಯಕ್ರಮಕ್ಕೆ ಈ ಅಂಕ ಸಾಲದು. ವಿಶೇಷ ನೆರವು ಕೇಳುವುದಕ್ಕೆ ಹೆಚ್ಚಾಯಿತು. ಐದು ವಿಭಾಗಗಳಲ್ಲಿ ಯಾವುದರಲ್ಲಿಯೂ ಈ ಹುಡುಗಿ 115ರ ಹುಡುಗಿಯಲ್ಲ. ಒಂದು ಕಾಲು ಬಿಸಿನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಇಟ್ಟವರಿಗೆ ನೀರು ಹದವಾಗಿದೆ ಎಂದು ಹೇಳಿದಂತೆ ಇದು. ಈ ಕಾರಣಕ್ಕೇ ಮೊದಲ ಮೂರು ಬಗೆಯ ವಿಭಾಗಗಳನ್ನಷ್ಟೇ ಆಧರಿಸಿ, ಕಾರ್ಯಸ್ಮೃತಿ ಮತ್ತು ವೇಗವನ್ನು ಬಿಟ್ಟು ಲೆಕ್ಕ ಹಾಕುವ ಇನ್ನೊಂದು ಸೂಚ್ಯಂಕವೂ ಬಳಕೆಗೆ ಬಂದಿದೆ. ಒಂದು ಮಗುವನ್ನು ಇನ್ನೊಂದು ಮಗುವಿನ ಜೊತೆ ಹೋಲಿಸುವುದಕ್ಕಿಂತ, ಅದೇ ಮಗುವಿನ ಒಂದು ಸಾಮರ್ಥ್ಯವನ್ನು ಅದರದೇ ಇನ್ನೊಂದು ಸಾಮರ್ಥ್ಯದ ಜೊತೆ ಹೋಲಿಸಿ ನೋಡುವುದು ಇಲ್ಲಿ ಹೆಚ್ಚು ತಿಳಿಸುತ್ತದೆ. ದ್ವಿವಿಶೇಷ ಮಕ್ಕಳ ಸಂಶೋಧನೆಯಿಂದ ಒಂದೇ ಒಂದು ಸಂಗತಿಯನ್ನು ಶಾಲೆಗೆ ಒಯ್ಯಬಹುದಾದರೆ, ನಾನು ಒಯ್ಯುವುದು ಇದನ್ನೇ.

ಅಮೆರಿಕದ ಸೂಸನ್ ಬಾಮ್ ಇಂಥ ಮಕ್ಕಳಲ್ಲಿ ಮೂರು ಬಗೆಯನ್ನು ವಿವರಿಸಿದ್ದಾರೆ. ಪ್ರತಿಭೆ ಗುರುತಾಗಿ, ತೊಂದರೆ ಮರೆಯಲ್ಲಿ ಉಳಿಯುವವರು ಒಂದು ಬಗೆ. ಕೆಳಗಿನ ತರಗತಿಗಳಲ್ಲಿ ಮುಂದಿದ್ದು, ಬರವಣಿಗೆ ಹೆಚ್ಚಾದ ತರಗತಿಗೆ ಬರುತ್ತಲೇ ಹಿಂದೆ ಬಿದ್ದು ‘ಸೋಮಾರಿ’ ಎನಿಸಿಕೊಳ್ಳುವವರು ಇವರೇ. ತೊಂದರೆ ಗುರುತಾಗಿ ಪ್ರತಿಭೆ ಮರೆಯಾಗುವವರು ಎರಡನೆಯವರು. ಇವರಿಗೆ ಸಿಗುವುದೆಲ್ಲ ತಿದ್ದುವ ಪಾಠ, ಇವರ ಬಗ್ಗೆ ಬರೆಯುವ ವರದಿಗಳಲ್ಲಿ ಇರುವುದೆಲ್ಲ ಇವರಿಗೆ ಬಾರದಿರುವ ಸಂಗತಿಗಳು. ಮೂರನೆಯ ಬಗೆಯಲ್ಲಿ ಎರಡೂ ಒಂದನ್ನೊಂದು ಮುಚ್ಚಿಹಾಕಿ ಮಗು ಸಾಧಾರಣ ವಿದ್ಯಾರ್ಥಿಯಾಗಿ ಕಾಣುತ್ತದೆ. ಮೂರರಲ್ಲಿ ಅತಿ ಹೆಚ್ಚು ದಣಿಯುವ ಮಗು ಇದೇ ಎಂದು ನನಗನಿಸುತ್ತದೆ. ಉಳಿದವರು ನಡೆದು ತಲುಪಿದ ಜಾಗವನ್ನು ಇದು ಓಡಿ ತಲುಪಿರುತ್ತದೆ. ಓಡಿದ್ದು ಯಾರಿಗೂ ಕಂಡಿರುವುದಿಲ್ಲ.

ಇಲ್ಲಿ ಸಂಶೋಧನೆಯ ಒಳಗೇ ಇರುವ ಒಂದು ತೊಡಕನ್ನು ಹೇಳದೆ ಮುಂದೆ ಹೋಗುವಂತಿಲ್ಲ. ‘ಕಲಿಕಾ ನ್ಯೂನತೆ’ ಎಂಬ ಪರಿಕಲ್ಪನೆಗೆ 1963ರಲ್ಲಿ ಶಿಕಾಗೋ ನಗರದ ಪೋಷಕರ ಸಮಾವೇಶವೊಂದರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಚಾಲನೆ ಕೊಟ್ಟ ಮೇಲೆ, ಯಾರನ್ನು ಅದರಡಿ ಸೇರಿಸಬೇಕೆಂಬ ಪ್ರಶ್ನೆ ಎದ್ದಿತು. 1970ರ ದಶಕದಲ್ಲಿ ಅಮೆರಿಕದ ನಿಯಮಗಳು ಕೊಟ್ಟ ಉತ್ತರ ಸರಳವಾಗಿತ್ತು: ಬುದ್ಧಿಲಬ್ಧಕ್ಕೂ ಓದಿನ ಸಾಧನೆಗೂ ನಡುವೆ ದೊಡ್ಡ ಅಂತರವಿದ್ದರೆ ಕಲಿಕಾ ನ್ಯೂನತೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದರ ಪ್ರಕಾರ ಬುದ್ಧಿಲಬ್ಧ 125 ಇದ್ದು ಓದಲಾರದ ಮಗುವಿಗೆ ನೆರವು ಸಿಗುತ್ತಿತ್ತು, 90 ಇದ್ದು ಅಷ್ಟೇ ಓದಲಾರದ ಮಗುವಿಗೆ ಸಿಗುತ್ತಿರಲಿಲ್ಲ. ಎರಡೂ ಮಕ್ಕಳ ಓದಿನ ತೊಂದರೆಯ ಬೇರು ಒಂದೇ, ಅಂದರೆ ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವಲ್ಲಿನ ತೊಡಕು. ಒಂದೇ ಬಗೆಯ ಬೋಧನೆಯಿಂದ ಇಬ್ಬರಿಗೂ ಪ್ರಯೋಜನ ಎಂದು ಅಧ್ಯಯನಗಳು ಒಂದರ ಮೇಲೊಂದು ತೋರಿಸಿದವು. 2011ರಲ್ಲಿ ಪ್ರಕಟವಾದ ಒಂದು ಮಿದುಳು ಚಿತ್ರಣದ ಅಧ್ಯಯನವೂ ಧ್ವನಿ ಸಂಸ್ಕರಣೆಯ ಕೊರತೆ ಬುದ್ಧಿಲಬ್ಧದ ಏರಿಳಿತದ ಮೇಲೆ ನಿಂತಿಲ್ಲ ಎಂದೇ ಹೇಳಿತು. ಇಷ್ಟಲ್ಲದೆ, ಅಂತರ ಸಾಕಷ್ಟು ದೊಡ್ಡದಾಗುವವರೆಗೆ ಮಗು ಮೂರ್ನಾಲ್ಕು ವರ್ಷ ಸೋಲುತ್ತಲೇ ಇರಬೇಕಾಗುತ್ತಿತ್ತು. ಹಾಗಾಗಿ 2004ರ ಅಮೆರಿಕದ ಕಾನೂನು ಈ ಅಂತರವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಅದರ ಜಾಗದಲ್ಲಿ, ಚೆನ್ನಾಗಿ ಕಲಿಸಿಯೂ ತರಗತಿಯ ಮಟ್ಟ ತಲುಪದ ಮಗುವಿಗೆ ಹಂತಹಂತವಾಗಿ ಹೆಚ್ಚು ನೆರವು ಕೊಟ್ಟು ನೋಡುವ ಪದ್ಧತಿ ಬಲಗೊಂಡಿತು.

ಇದು ಒಳ್ಳೆಯ ಬದಲಾವಣೆ, ನಿಸ್ಸಂಶಯವಾಗಿ. ಆದರೆ ಅದರ ಬಿಸಿ ತಟ್ಟಿದ್ದು ದ್ವಿವಿಶೇಷ ಮಕ್ಕಳಿಗೆ. ತರಗತಿಯ ಮಟ್ಟಕ್ಕಿಂತ ಕೆಳಗಿರುವವರನ್ನು ಹುಡುಕುವ ಜಾಲರಿಯಲ್ಲಿ, ಬುದ್ಧಿಯ ಬಲದಿಂದ ಹೇಗೋ ತರಗತಿಯ ಮಟ್ಟಕ್ಕೆ ತೂಗಾಡುತ್ತಿರುವ ಮಗು ಸಿಕ್ಕಿಬೀಳುವುದಿಲ್ಲ. ಪದವನ್ನು ಪೂರ್ತಿ ಬಿಡಿಸಿ ಓದದೆ, ಮೊದಲ ಅಕ್ಷರವನ್ನೂ ಚಿತ್ರವನ್ನೂ ಕತೆಯ ಓಟವನ್ನೂ ಹಿಡಿದು ಅದು ಊಹಿಸುತ್ತದೆ. ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಎಲ್ಲ ಮಕ್ಕಳಿಗೂ ನ್ಯಾಯವಾದ ಒಂದು ನಿಯಮ ಕೆಲವು ಮಕ್ಕಳನ್ನು ಕಾಣದಂತೆ ಮಾಡುವ ಈ ಇಕ್ಕಟ್ಟಿಗೆ ಸಂಶೋಧಕರಲ್ಲಿ ಇನ್ನೂ ಒಮ್ಮತದ ಉತ್ತರವಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳ ಮೇಲೆ ನಡೆದ ಕೆಲಸ. ಇಂಗ್ಲಿಷಿನಲ್ಲಿ ಬರೆದಂತೆ ಓದುವಂತಿಲ್ಲ. ಆದ್ದರಿಂದ ಓದಿನ ತೊಂದರೆ ಅಲ್ಲಿ ತಪ್ಪುಗಳ ರೂಪದಲ್ಲಿ ಎದ್ದು ಕಾಣುತ್ತದೆ. ಬರೆದದ್ದಕ್ಕೂ ಓದುವುದಕ್ಕೂ ಹತ್ತಿರದ ಹೊಂದಾಣಿಕೆ ಇರುವ ಜರ್ಮನ್ ಭಾಷೆಯಲ್ಲಿ ಹಾಗಿಲ್ಲ ಎಂಬುದನ್ನು ಆಸ್ಟ್ರಿಯದ ಹೈಂಜ್ ವಿಮ್ಮರ್ 1990ರ ದಶಕದ ಆರಂಭದಲ್ಲಿ ತೋರಿಸಿದರು: ಅಲ್ಲಿನ ಡಿಸ್ಲೆಕ್ಸಿಯಾ ಇರುವ ಮಕ್ಕಳು ಬಹುಮಟ್ಟಿಗೆ ಸರಿಯಾಗಿಯೇ ಓದುತ್ತಾರೆ, ಆದರೆ ಬಹಳ ನಿಧಾನವಾಗಿ. ನಮ್ಮ ಕನ್ನಡವೂ ನುಡಿದಂತೆ ಬರೆಯುವ ಭಾಷೆ ಎಂದು ನಾವು ಹೆಮ್ಮೆಪಡುತ್ತೇವೆ. ಹಾಗಾದರೆ ಇಲ್ಲಿಯೂ ತೊಂದರೆ ವೇಗದಲ್ಲಿ ಮಾತ್ರ ಕಾಣಬೇಕು ಎಂದು ಊಹಿಸಬಹುದು. ಆ ಊಹೆ ಅರ್ಧ ಮಾತ್ರ ಸರಿ.

ಕನ್ನಡದ ವರ್ಣಮಾಲೆ ಐವತ್ತರ ಆಸುಪಾಸಿನಲ್ಲಿದ್ದರೂ ಮಗು ಕಲಿಯಬೇಕಾದ ಅಕ್ಷರರೂಪಗಳು ಅಷ್ಟೇ ಅಲ್ಲ. ಪ್ರತಿ ವ್ಯಂಜನದ ಕಾಗುಣಿತವನ್ನೂ ಲೆಕ್ಕಕ್ಕೆ ಹಿಡಿದರೆ 400ಕ್ಕೂ ಹೆಚ್ಚಾಗುತ್ತವೆ, ಒತ್ತಕ್ಷರಗಳು ಇನ್ನೂ ಬೇರೆ. ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಸಂಗತಿಗಳನ್ನು ಹೇಳಿತು. ಇಂಗ್ಲಿಷ್ ಮಗು ಒಂದೆರಡು ವರ್ಷದಲ್ಲಿ ಅಕ್ಷರಗಳನ್ನು ಕಲಿತು ಮುಗಿಸಿದರೆ, ಕನ್ನಡದ ಮಗುವಿಗೆ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಎರಡನೆಯದಾಗಿ, ಮಾತನ್ನು ಅಕ್ಷರದ ಗಾತ್ರದ ತುಂಡುಗಳಾಗಿ ಬಿಡಿಸುವುದು ಕನ್ನಡದ ಮಕ್ಕಳಿಗೆ ಬೇಗ ಒಲಿಯುತ್ತದೆ, ಅದಕ್ಕಿಂತ ಚಿಕ್ಕದಾದ ಒಂದೊಂದೇ ಧ್ವನಿಯಾಗಿ ಬಿಡಿಸುವುದು ತಡವಾಗಿ ಬರುತ್ತದೆ. ಇದರ ಅರ್ಥ, ಮೂರನೆಯ ತರಗತಿಯಲ್ಲಿ ಎಲ್ಲ ಮಕ್ಕಳೂ ಒಂದಿಷ್ಟು ತಡವರಿಸುತ್ತಿರುವಾಗ ಅವರ ನಡುವೆ ನಿಜವಾಗಿ ತೊಂದರೆ ಇರುವ ಮಗುವನ್ನು ಬೇರ್ಪಡಿಸಿ ನೋಡುವುದು ಶಿಕ್ಷಕರಿಗೆ ಸುಲಭವಲ್ಲ.

‘ಆಸ್ತಿ’ ಎಂಬ ಪದವನ್ನೇ ನೋಡಿ. ಕಿವಿಗೆ ಕೇಳುವ ಕ್ರಮ ಆ, ಸ್, ತ್, ಇ. ಕಣ್ಣಿಗೆ ಕಾಣುವುದು ಬೇರೆ: ಗುಡಿಸು ಕೂತಿರುವುದು ಸಕಾರದ ತಲೆಯ ಮೇಲೆ, ತಕಾರ ಅದರ ಕಾಲಬುಡದಲ್ಲಿ. ಕಂಡ ಕ್ರಮದಲ್ಲೇ ಓದಿದರೆ ‘ಆಸಿತ’ ಆಗಬೇಕು, ಕಲಿಯುವ ಮಕ್ಕಳು ಕೆಲಕಾಲ ಹಾಗೆ ಓದುವುದೂ ಉಂಟು. ‘ಧರ್ಮ’ ಎಂಬುದನ್ನು ಅರ್ಕಾವೊತ್ತಿನಲ್ಲಿ ಬರೆದರೆ ಮೊದಲು ನುಡಿಯುವ ರಕಾರ ಮಕಾರದ ನಂತರ ಬಂದು ಕೂರುತ್ತದೆ. ‘ವು’ ಮತ್ತು ‘ಮ’ಗಳ ನಡುವೆ ಇರುವುದು ಒಂದು ಸಣ್ಣ ತಿರುವಿನ ವ್ಯತ್ಯಾಸ, ‘ದ’, ‘ಧ’, ‘ಥ’ಗಳ ನಡುವೆ ಇರುವುದು ಒಂದು ಸೀಳು, ಒಂದು ಚುಕ್ಕೆ. ಈ ಮೆಟ್ಟಿಲುಗಳನ್ನು ಹೆಚ್ಚಿನ ಮಕ್ಕಳು ಅಭ್ಯಾಸಬಲದಿಂದ ಹತ್ತಿಬಿಡುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗುವಿನ ಉಕ್ತಲೇಖನದ ಪುಸ್ತಕದಲ್ಲಿ ಮಾತ್ರ ಐದನೆಯ ತರಗತಿಯಲ್ಲಿಯೂ ‘ಪುಸ್ತಕ’ ‘ಪುತಕ’ವಾಗಿ, ‘ಸೂರ್ಯ’ ‘ಸುರಯ’ವಾಗಿ, ‘ಅಮ್ಮ’ ‘ಅಮ’ವಾಗಿ ಉಳಿದಿರುತ್ತದೆ, ಒತ್ತು ಬಿಟ್ಟುಹೋಗುವುದು, ದೀರ್ಘ ಹ್ರಸ್ವವಾಗುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುವುದು ಸಾಮಾನ್ಯ. ಜಾಣ ಮಗುವಾದರೆ ಇಷ್ಟರಲ್ಲೇ ಇನ್ನೊಂದು ವಿದ್ಯೆ ಕಲಿತಿರುತ್ತದೆ: ಒತ್ತಕ್ಷರವಿರುವ ಪದವನ್ನೇ ತಪ್ಪಿಸಿ, ತನಗೆ ಬರೆಯಲು ಬರುವ ಪದಗಳಲ್ಲಷ್ಟೇ ಉತ್ತರ ಬರೆಯುವುದು. ಅದರ ಉತ್ತರಪತ್ರಿಕೆಯಲ್ಲಿ ತಪ್ಪು ಕಡಿಮೆ, ಉತ್ತರ ಎರಡೇ ಸಾಲು. ಬಾಯಲ್ಲಿ ಕೇಳಿದರೆ ಹತ್ತು ನಿಮಿಷ ಹೇಳುವ ವಿಷಯಕ್ಕೆ ಬರವಣಿಗೆಯಲ್ಲಿ ಎರಡು ಸಾಲು ಬಂದಿದ್ದರೆ, ಆ ಅಂತರವೇ ಗಮನಿಸಬೇಕಾದ ಸುಳಿವು.

ಈ ಅಂತರವನ್ನು ಕಾಣಿಸುವ ಒಂದು ಸಾಧನ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಆಗಲೇ ಇದೆ, ಅದನ್ನು ಇದಕ್ಕಾಗಿ ಮಾಡಿದ್ದಲ್ಲ ಅಷ್ಟೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ‘ತಟ್ಟೆ’ ಎಂದು ಕರೆಯುವ ಒಂದು ಗುಂಪಿನಲ್ಲಿ, ಗೆಳೆಯರ ನೆರವು ಸಾಕಾದವರು ಮತ್ತೊಂದರಲ್ಲಿ, ತಾವಾಗಿಯೇ ಕಲಿಯುವವರು ಇನ್ನೊಂದರಲ್ಲಿ ಕೂರುತ್ತಾರೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಗೋಡೆಯ ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ಗಣಿತದ ಏಣಿಯಲ್ಲಿ ತರಗತಿಗಿಂತ ಮುಂದೆ ಹತ್ತಿಹೋದ ಮಗು ಕನ್ನಡದ ಏಣಿಯಲ್ಲಿ ಒತ್ತಕ್ಷರದ ಮೆಟ್ಟಿಲಿನ ಬಳಿ ತಿಂಗಳುಗಟ್ಟಲೆ ನಿಂತಿದ್ದರೆ ಎರಡು ಏಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಅದು ತಕ್ಷಣ ತಿಳಿಯುತ್ತದೆ. ಒಟ್ಟು ಅಂಕ ಅಥವಾ ಒಟ್ಟು ಶ್ರೇಣಿ ಮಾತ್ರ ನೋಡಿದರೆ ತಿಳಿಯುವುದಿಲ್ಲ. ದುರದೃಷ್ಟವೆಂದರೆ ಏಣಿ ನಿಲ್ಲುವುದು ಮೂರನೆಯ ತರಗತಿಗೆ. ಓದಲು ಕಲಿಯುವ ಹಂತ ಮುಗಿದು ಓದಿನಿಂದ ಕಲಿಯುವ ಹಂತ ಶುರುವಾಗುವುದು, ಪಠ್ಯದ ಹೊರೆ ಒಮ್ಮೆಗೇ ಏರುವುದು ನಾಲ್ಕರಲ್ಲಿ.

ಪ್ರತಿಭೆಯನ್ನು ಹುಡುಕುವ ನಮ್ಮ ದಾರಿಗಳು ಇಂಥ ಮಗುವಿಗೆ ಎಷ್ಟು ತೆರೆದಿವೆ ಎಂಬುದಕ್ಕೆ ನವೋದಯ ಪ್ರವೇಶ ಪರೀಕ್ಷೆ ಒಳ್ಳೆಯ ಉದಾಹರಣೆ. ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿಯೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಹುಟ್ಟಿದ ಈ ಶಾಲೆಗಳಿಗೆ ಐದನೆಯ ತರಗತಿಯ ಮಕ್ಕಳು ಎರಡು ಗಂಟೆಯಲ್ಲಿ 80 ಪ್ರಶ್ನೆಗಳ ಪರೀಕ್ಷೆ ಬರೆಯುತ್ತಾರೆ. ಅದರ ಅರ್ಧದಷ್ಟು ಅಂಕ ಚಿತ್ರಗಳ ಮೂಲಕ ಮನಸ್ಸಿನ ಸಾಮರ್ಥ್ಯವನ್ನು ನೋಡುವ ಭಾಗಕ್ಕೆ; ಓದಲು ಕಷ್ಟಪಡುವ ಜಾಣ ಮಗು ಇಲ್ಲಿ ಯಾರಿಗೂ ಕಡಿಮೆಯಿಲ್ಲ. ಕನ್ನಡದಲ್ಲಿಯೇ ಬರೆಯಬಹುದೆಂಬುದೂ ದೊಡ್ಡ ಅನುಕೂಲ. ಆದರೆ ಗದ್ಯಭಾಗ ಓದಿ ಉತ್ತರಿಸುವ ಭಾಷೆಯ ಭಾಗವೂ, ವಾಕ್ಯರೂಪದ ಲೆಕ್ಕಗಳೂ, ಗಡಿಯಾರವೂ ಸೇರಿ ಆ ಮಗುವಿನ ಒಟ್ಟು ಅಂಕವನ್ನು ಕೆಳಕ್ಕೆಳೆಯುತ್ತವೆ. ಆಯ್ಕೆ ನಡೆಯುವುದು ಒಟ್ಟು ಅಂಕದ ಮೇಲೆ. ಮತ್ತೆ ಅದೇ ಸರಾಸರಿಯ ಸಮಸ್ಯೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು 2010ರ ಆಸುಪಾಸಿನಲ್ಲಿ ಕೈಗೊಂಡ ಪ್ರತಿಭಾವಂತ ಮಕ್ಕಳ ಕಾರ್ಯಕ್ರಮವು ಒಂದು ಪರೀಕ್ಷೆಯ ಅಂಕವನ್ನಷ್ಟೇ ನೆಚ್ಚದೆ ಶಿಕ್ಷಕರು ಮತ್ತು ಪೋಷಕರು ಕಂಡ ವರ್ತನೆಯನ್ನೂ ಗಣನೆಗೆ ತೆಗೆದುಕೊಳ್ಳುವ ದಾರಿಯನ್ನು ಹುಡುಕಿತು. ಶಿಕ್ಷಕರ ಗಮನಿಕೆಗೂ ಅದರದೇ ಆದ ಓರೆಯಿದೆ. ತಿದ್ದಿ ಬರೆದ ನೋಟ್ಸು, ಹೇಳಿದ್ದನ್ನು ಕೇಳುವ ಸ್ವಭಾವ, ಒಳ್ಳೆಯ ಅಂಕ ಇರುವ ಮಗು ‘ಪ್ರತಿಭಾವಂತ’ ಎನಿಸಿಕೊಳ್ಳುತ್ತದೆ, ಪಾಠದ ನಡುವೆ ಎದ್ದು ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳುವ ಮಗು ‘ಅಧಿಕಪ್ರಸಂಗಿ’ ಎನಿಸಿಕೊಳ್ಳುತ್ತದೆ. ನೋಟ್ಸ್ ಗಲೀಜಾಗಿರುವ ಅಧಿಕಪ್ರಸಂಗಿಯನ್ನು ಪ್ರತಿಭಾವಂತರ ಪಟ್ಟಿಗೆ ಸೇರಿಸಲು ಶಿಕ್ಷಕರಿಗೆ ನಿಜವಾಗಿಯೂ ದೊಡ್ಡ ಮನಸ್ಸು ಬೇಕು.

ಕಾನೂನಿನ ಬದಿಯಿಂದ ಪರಿಸ್ಥಿತಿ ಹಿಂದೆಂದಿಗಿಂತ ಉತ್ತಮವಾಗಿದೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21ರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ನಿಮ್ಹಾನ್ಸ್ ಸಿದ್ಧಪಡಿಸಿದ, 5ರಿಂದ 7 ಮತ್ತು 8ರಿಂದ 12 ವರ್ಷದ ಮಕ್ಕಳಿಗೆ ಬೇರೆ ಬೇರೆ ಹಂತಗಳಿರುವ ಪರೀಕ್ಷಾ ಸಮೂಹ ಇದನ್ನು ಗುರುತಿಸಲು ದೇಶದೆಲ್ಲೆಡೆ ಬಳಕೆಯಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮಕ್ಕಳ ಓದು ಬರಹದ ತೊಂದರೆಯ ತಪಾಸಣೆ ನಡೆಯುತ್ತದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ರಿಯಾಯಿತಿಗಳು ಸಿಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯುಳ್ಳ ಮಕ್ಕಳ ಬಗ್ಗೆಯೂ ಪ್ರತ್ಯೇಕವಾದ ಮಾತುಗಳಿವೆ, ವಿಶೇಷ ಅಗತ್ಯದ ಮಕ್ಕಳ ಬಗ್ಗೆಯೂ ಇವೆ. ಎರಡು ಬೇರೆ ಭಾಗಗಳಲ್ಲಿ, ಎಂದು ಸೇರಿಸಬೇಕು.

ಗುರುತಿಸಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಸಂಶೋಧನೆ ಕೊಡುವ ಉತ್ತರದಲ್ಲಿ ನಾಟಕೀಯವಾದದ್ದೇನೂ ಇಲ್ಲ. ಓದಿನ ತೊಂದರೆಗೆ ಧ್ವನಿಯನ್ನೂ ಅಕ್ಷರವನ್ನೂ ಸ್ಪಷ್ಟವಾಗಿ, ಕ್ರಮವಾಗಿ, ಮತ್ತೆ ಮತ್ತೆ ಜೋಡಿಸಿ ಕಲಿಸಬೇಕು. ಕನ್ನಡದಲ್ಲಾದರೆ ‘ಸ್ತಿ’ಯನ್ನು ಸ್, ತ್, ಇ ಎಂದು ಬಿಡಿಸಿ, ಯಾವುದು ಎಲ್ಲಿ ಹೋಗಿ ಕೂತಿದೆ ಎಂಬುದನ್ನು ಬೆರಳಿಟ್ಟು ತೋರಿಸುವುದು, ನೋಡಿ ಬರೆಯಿಸುವ ಕಾಪಿಗಿಂತ ಇದಕ್ಕೆ ಹೆಚ್ಚು ಸಮಯ ಕೊಡುವುದು. ಜೊತೆಗೆ, ಓದು ಸರಿಹೋಗುವತನಕ ಉಳಿದ ಕಲಿಕೆಯನ್ನು ತಡೆಹಿಡಿಯಬಾರದು. ದ್ವಿವಿಶೇಷ ಮಕ್ಕಳ ಕಾರ್ಯಕ್ರಮಗಳಲ್ಲಿ ಎಲ್ಲರೂ ಒತ್ತಿ ಹೇಳುವುದು ಇದನ್ನೇ: ಮಗುವಿನ ಬಲವಿರುವ ಕಡೆ ಅದರ ಮಟ್ಟಕ್ಕೆ ತಕ್ಕ ಕಠಿಣ ಕೆಲಸ ಸಿಗಬೇಕು, ಬಾಯುತ್ತರ, ಚಿತ್ರ, ಮಾದರಿ, ಓದಿ ಹೇಳಿಸಿಕೊಳ್ಳುವುದು ಮುಂತಾದ ದಾರಿಗಳಿಂದ. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಇದರ ತದ್ವಿರುದ್ಧ: ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡುವ ಅವಧಿಯಲ್ಲಿ ಈ ಮಗುವನ್ನು ಕೋಣೆಯ ಮೂಲೆಯಲ್ಲಿ ಕೂರಿಸಿ ಶುದ್ಧಬರಹ ಬರೆಸುವುದು. ಒಂದೇ ದಿನ ಅದರ ಬಲವನ್ನು ಕಸಿದು, ಕೊರತೆಯನ್ನು ಶಿಕ್ಷೆಯನ್ನಾಗಿ ಮಾಡಿದಂತಾಗುತ್ತದೆ.

ಇಲ್ಲಿ ಇನ್ನೊಂದು ಅತಿರೇಕದ ಬಗ್ಗೆಯೂ ಹೇಳಬೇಕು. ಡಿಸ್ಲೆಕ್ಸಿಯಾ ಇದ್ದವರೆಲ್ಲ ಒಳಗೊಳಗೇ ಮಹಾ ಪ್ರತಿಭಾವಂತರು, ಐನ್‌ಸ್ಟೈನ್ ಕೂಡ ಹಾಗೇ ಇದ್ದರು ಎಂಬ ಮಾತು ವಾಟ್ಸಾಪಿನಲ್ಲಿಯೂ ಭಾಷಣಗಳಲ್ಲಿಯೂ ಸುತ್ತುತ್ತಿರುತ್ತದೆ. ಐನ್‌ಸ್ಟೈನ್‌ಗೆ ಡಿಸ್ಲೆಕ್ಸಿಯಾ ಇತ್ತು ಎನ್ನಲು ನಂಬುವಂಥ ಆಧಾರವಿಲ್ಲ. ಓದಿನ ತೊಂದರೆಯ ಪ್ರತಿಫಲವಾಗಿ ಪ್ರಕೃತಿ ಬೇರೊಂದು ಪ್ರತಿಭೆ ಕೊಡುತ್ತದೆ ಎಂಬುದಕ್ಕೂ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. ಓದಿನ ತೊಂದರೆ ಎಲ್ಲ ಬಗೆಯ ಬುದ್ಧಿಮಟ್ಟದ ಮಕ್ಕಳಲ್ಲಿಯೂ ಕಾಣುತ್ತದೆ. ಪ್ರತಿಭೆ ಇರಲಿ ಬಿಡಲಿ, ನೆರವು ಎಲ್ಲರಿಗೂ ಸಲ್ಲಬೇಕು. ಜಾಣನಾಗಿದ್ದರೆ ಮಾತ್ರ ಕನಿಕರಕ್ಕೆ ಅರ್ಹ ಎಂಬ ಒಳದನಿ ಇಂಥ ಮೆಚ್ಚುಗೆಯ ಮಾತುಗಳಲ್ಲಿ ಅಡಗಿರುವುದರಿಂದ ನನಗೆ ಅವು ಹಿಡಿಸುವುದಿಲ್ಲ.

ಮಗುವನ್ನು ತಪಾಸಣೆಗೆ ಕರೆದೊಯ್ಯುವ ಪೋಷಕರು ಸಾಮಾನ್ಯವಾಗಿ ಅಂಕಪಟ್ಟಿಯನ್ನು ಜೋಪಾನವಾಗಿ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಎರಡು ವರ್ಷದ ಉಕ್ತಲೇಖನದ ಪುಸ್ತಕಗಳು, ತಪ್ಪುಗಳನ್ನು ತಿದ್ದದೆ ಇದ್ದ ಹಾಗೆಯೇ. ಅದರ ಜೊತೆ, ಮಗು ಒಂದು ಪುಟವನ್ನು ಗಟ್ಟಿಯಾಗಿ ಓದುವುದಕ್ಕೆ ಎಷ್ಟು ನಿಮಿಷ ತೆಗೆದುಕೊಂಡಿತು ಎಂಬುದನ್ನು ಬರೆದಿಟ್ಟ ಚೀಟಿ, ಅದೇ ಪುಟವನ್ನು ಯಾರಾದರೂ ಓದಿ ಹೇಳಿದ ಮೇಲೆ ಮಗು ತನ್ನ ಮಾತಿನಲ್ಲಿ ವಿವರಿಸಿದ್ದರ ಮೊಬೈಲ್ ಧ್ವನಿಮುದ್ರಣ. ಉಕ್ತಲೇಖನವನ್ನು ನೋಡಿ ಧ್ವನಿಮುದ್ರಣವನ್ನು ಕೇಳಿದ ಪರೀಕ್ಷಕರಿಗೆ ಇವೆರಡೂ ಒಂದೇ ಮಗುವಿನವೇ ಎಂದು ಕೇಳುವಂತಾದರೆ, ಯಾವ ವಿಭಾಗದ ಅಂಕವನ್ನು ಯಾವುದರ ಜೊತೆ ಹೋಲಿಸಿ ನೋಡಬೇಕೆಂಬುದು ಪರೀಕ್ಷೆ ಶುರುವಾಗುವ ಮೊದಲೇ ಅವರಿಗೆ ಗೊತ್ತಾಗಿರುತ್ತದೆ.